ಆನ್‌ಲೈನ್ ಯುದ್ಧದಾಟ: ತಂಡದ ಚಾಟ್‌ನಲ್ಲಿ ಮಾತಾಡುವುದು ಹೇಗೆ?

ರಜೆ ಬಂತೆಂದರೆ ಮೈಸೂರು, ಮಂಡ್ಯದ ಎಷ್ಟೋ ಮನೆಗಳಲ್ಲಿ ರಾತ್ರಿ ಊಟದ ನಂತರ ಯುದ್ಧ ಶುರುವಾಗುತ್ತದೆ. ಊರು ಕಟ್ಟಿ, ಸೈನ್ಯ ಬೆಳೆಸಿ ಹೋರಾಡುವ ಏಜ್ ಆಫ್ ಎಂಪೈರ್ಸ್ 2, ಕ್ಲಾಷ್ ಆಫ್ ಕ್ಲಾನ್ಸ್‌ನಂಥ ಆಟಗಳಲ್ಲಿ ಒಳ್ಳೆಯ ಸೈನ್ಯ ಇದ್ದೂ ಸೋಲುವ ತಂಡಗಳು ಬಹಳ. ಜೊತೆಯವರ ನಡುವೆ ಮಾತು ಕೆಟ್ಟಿರುತ್ತದೆ, ಅಷ್ಟೇ. ಬೈಸಿಕೊಂಡವನು ಚಾಟ್ ಮಾಡುವುದನ್ನೇ ಬಿಡುತ್ತಾನೆ. ಆಮೇಲೆ ಅವನ ಊರಿಗೆ ಶತ್ರು ನುಗ್ಗಿದರೂ ಉಳಿದವರಿಗೆ ತಿಳಿಯುವುದಿಲ್ಲ.

1. ಮೊದಲು ಸೆಟ್ಟಿಂಗ್ ನೋಡಿ, ಆಮೇಲೆ ನಮಸ್ಕಾರ

ನೀವು ಬರೆದದ್ದು ಯಾರಿಗೆ ಕಾಣುತ್ತದೆ ಎಂದು ನೋಡಿಕೊಳ್ಳಿ. ಏಜ್ ಆಫ್ ಎಂಪೈರ್ಸ್‌ನಲ್ಲಿ ನಿಮ್ಮ ತಂಡಕ್ಕೆ ಮಾತ್ರ ಬರೆಯಬಹುದು, ಎಲ್ಲರಿಗೂ ಬರೆಯಬಹುದು. ‘ಹಿಂದಿನಿಂದ ಬರ್ತಿದೀನಿ’ ಎಂದು ಎಲ್ಲರಿಗೂ ಕಳಿಸಿದರೆ ಎದುರಾಳಿ ಅಲ್ಲಿ ಗೋಡೆ ಎಬ್ಬಿಸಿ ಕಾಯುತ್ತಿರುತ್ತಾನೆ.

ಶುರುವಿನಲ್ಲಿ ‘ಜಿಎಲ್‌ಎಚ್‌ಎಫ್’ ಎಂದು ಹಾಕುವುದು ಎಲ್ಲ ದೇಶದವರಿಗೂ ಗೊತ್ತಿರುವ ರೂಢಿ. ಗುಡ್ ಲಕ್, ಹ್ಯಾವ್ ಫನ್ ಎಂದರ್ಥ. ಏಜ್ ಆಫ್ ಎಂಪೈರ್ಸ್‌ನ ಚಾಟ್‌ನಲ್ಲಿ 11 ಎಂದು ಬರೆದು ಕಳಿಸಿದರೆ ನಗು ಕೇಳಿಸುತ್ತದೆ. ಹಳೆಯ ಆಟಗಾರರಿಗೆ ಅದೇ ನಮಸ್ಕಾರ.

ಗೆಳೆಯರಲ್ಲಿ ‘ಮಗಾ’, ‘ಗುರು’ ನಮ್ಮ ಕಡೆ ಸಹಜ. ಹೊಸಬರಿಗೆ ಬೇಡ. ಆ ಅಡ್ಡಹೆಸರಿನ ಹಿಂದೆ ಕಾಲೇಜು ಹುಡುಗ ಇರಬಹುದು, ರಿಟೈರ್ ಆದ ಮೇಷ್ಟ್ರೂ ಇರಬಹುದು. ‘ನೀವು, ಬನ್ನಿ’ ಎಂದೇ ಶುರು ಮಾಡಿ. ವಾಯ್ಸ್ ಚಾಟ್‌ನಲ್ಲಿ ಹೆಣ್ಣಿನ ದನಿ ಕೇಳಿಸಿದರೆ ಅದನ್ನೇ ದೊಡ್ಡ ಸುದ್ದಿ ಮಾಡಬೇಡಿ. ಅವರೂ ಆಡಲು ಬಂದವರು. ತಂಡದಲ್ಲಿ ಕನ್ನಡ ಬಾರದವರು ಒಬ್ಬರಿದ್ದರೂ ಆಟದ ವಿಷಯವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಬರೆಯಿರಿ.

2. ಯಾರು, ಎಲ್ಲಿ, ಏನು ಬೇಕು

ಆಟದ ಮಧ್ಯೆ ಬರೆಯುವ ಪ್ರತಿ ಸಾಲಿನಲ್ಲೂ ಈ ಮೂರು ಇರಲಿ. ‘ಹೆಲ್ಪ್ ಹೆಲ್ಪ್, ಬೇಗ ಬಾ’ ಎಂದರೆ ಗೆಳೆಯ ಏನು ಕಳಿಸಬೇಕು, ಯಾವ ಕಡೆಗೆ ಕಳಿಸಬೇಕು? ‘ನೀಲಿಯವನ 10 ಕುದುರೆ ನನ್ನ ಹೊಲದ ಹತ್ತಿರ, ಈಟಿಯವರನ್ನು ಕಳಿಸಿ’ ಎಂದು ನೋಡಿ. ಕುದುರೆ ಪಡೆಗೆ ಈಟಿಯವರೇ ಮದ್ದು. ಓದಿದ ಕೂಡಲೇ ಅವನ ಕೈ ಸರಿಯಾದ ಗುಂಡಿಗೆ ಹೋಗುತ್ತದೆ. ಬರೆಯಲು ಪುರುಸೊತ್ತಿಲ್ಲದಿದ್ದರೆ ಮ್ಯಾಪ್ ಮೇಲೆ ಫ್ಲೇರ್, ಅಂದರೆ ಜೊತೆಯವರಿಗೆ ಜಾಗ ತೋರಿಸುವ ಗುರುತು, ಹಾಕಿ. ಒಂದು ಸಲ ಸಾಕು. ಹತ್ತು ಸಲ ಟಣ್ ಟಣ್ ಅನ್ನಿಸಿದರೆ ಹನ್ನೊಂದನೆಯದನ್ನು ಯಾರೂ ನೋಡುವುದಿಲ್ಲ.

ಏಜ್ ಆಫ್ ಎಂಪೈರ್ಸ್‌ನಲ್ಲಿ ಸಾಮಾನು ಕೇಳಲೂ ಚಾಟ್‌ನಲ್ಲಿ ಹಾಕುವ ಸಂಖ್ಯೆಗಳಿವೆ: ಆಹಾರಕ್ಕೆ 3, ಮರಕ್ಕೆ 4, ಚಿನ್ನಕ್ಕೆ 5, ಕಲ್ಲಿಗೆ 6. ಆದರೆ ಕೊಡುವವನು ಮಾರುಕಟ್ಟೆ ಕಟ್ಟಿರಬೇಕು. ಅವನು ಆಟದಲ್ಲಿ ಬ್ಯಾಂಕಿಂಗ್ ಎಂಬ ಸುಧಾರಣೆ ಪಡೆಯುವ ತನಕ ಕಳಿಸುವಾಗ ಒಂದಷ್ಟು ಸುಂಕವೂ ಹೋಗುತ್ತದೆ. ಅವನಿಗೂ ನಷ್ಟ ಇದೆ, ಅಲ್ವಾ? ಹಾಗಾಗಿ ಎಷ್ಟು ಬೇಕು, ಯಾತಕ್ಕೆ ಬೇಕು ಹೇಳಿ. ಬಂದ ಮೇಲೆ ಥ್ಯಾಂಕ್ಸ್ ಹೇಳಿ.

ನಾನು ತುಂಬಾ ಒತ್ತಿ ಹೇಳುವ ಮಾತು ಇದು: ಆಟ ನಡೆಯುವಾಗ ಆಗಿಹೋದದ್ದನ್ನು ಬರೆಯಬೇಡಿ, ಮುಂದೆ ಆಗಬೇಕಾದ್ದನ್ನು ಬರೆಯಿರಿ. ‘ಗೋಡೆ ಯಾಕೆ ಕಟ್ಟಲಿಲ್ಲ?’ ಎಂದು ಕೇಳಿದರೆ ಬಿದ್ದ ಊರು ಏಳುವುದಿಲ್ಲ. ‘ಉಳಿದ ಹಳ್ಳಿಗರನ್ನು ನನ್ನ ಕಡೆ ಓಡಿಸಿ, ಇಲ್ಲೇ ಹೊಲ ಹಾಕಿ’ ಎಂದರೆ ಗೆಳೆಯ ಮತ್ತೆ ಆಟಕ್ಕೆ ಬರುತ್ತಾನೆ. ತಪ್ಪಿನ ಲೆಕ್ಕ ಆಟ ಮುಗಿದ ಮೇಲೆ, ಅದೂ ಅವನು ಕೇಳಿದರೆ ಮಾತ್ರ. ಹೊಸದಾಗಿ ಕಲಿಯುತ್ತಿರುವವರ ಮಟ್ಟಿಗಂತೂ ಇದನ್ನು ಮರೆಯಲೇಬಾರದು. ಮೊದಲ ವಾರದಲ್ಲೇ ಬೈಗುಳ ತಿಂದು ಆಟ ಬಿಟ್ಟವರು ತಿರುಗಿ ಬರುವುದು ಕಡಿಮೆ.

3. ಕ್ಲಾನ್ ಇದ್ದರೆ ಸರದಿ ಇರಲಿ

ಕ್ಲಾಷ್ ಆಫ್ ಕ್ಲಾನ್ಸ್‌ನಲ್ಲಿ ಎಲ್ಲರಿಗೂ ತೆರೆದಿದ್ದ ಗ್ಲೋಬಲ್ ಚಾಟ್ 2019ರಲ್ಲಿ ನಿಂತುಹೋಯಿತು. ಈಗ ಮಾತೆಲ್ಲ ಹೆಚ್ಚಾಗಿ ಕ್ಲಾನ್, ಅಂದರೆ ಜೊತೆಯಾಗಿ ಆಡುವವರ ಕೂಟ, ಅದರ ಒಳಗೇ. ಒಂದು ಕ್ಲಾನ್‌ನಲ್ಲಿ 50 ಜನರ ತನಕ ಇರಬಹುದು. ಎರಡು ಕ್ಲಾನ್‌ಗಳು ಕಾದಾಡುವ ಸಾಮಾನ್ಯ ಕ್ಲಾನ್ ವಾರ್‌ನಲ್ಲಿ ಒಬ್ಬೊಬ್ಬರಿಗೆ ಎರಡೇ ದಾಳಿ. ‘7ನೇ ನಂಬರ್ ನನಗೆ, ಸಂಜೆ ಆರಕ್ಕೆ ಹೊಡೆಯುತ್ತೇನೆ’ ಎಂದು ಒಬ್ಬರು ಬರೆದಿದ್ದರೆ ಎದುರಾಳಿಗಳ ಪಟ್ಟಿಯ ಆ ಊರನ್ನು ಮುಟ್ಟಬೇಡಿ. ನಾಲೆಯಲ್ಲಿ ನೀರು ಬಿಟ್ಟಾಗ ಸರದಿ ತಪ್ಪಿಸಿ ತೂಬು ಎತ್ತಿದವನ ಮೇಲೆ ಮಂಡ್ಯದ ರೈತರಿಗೆ ಎಂಥ ಸಿಟ್ಟು ಬರುತ್ತದೋ, ಇಲ್ಲೂ ಅಷ್ಟೇ ಬರುತ್ತದೆ. ಹೇಳಿದ ಹೊತ್ತಿಗೆ ಆಗದಿದ್ದರೆ ‘ಬೇರೆ ಯಾರಾದರೂ ಮಾಡಿ’ ಎಂದು ಬರೆದು ಬಿಟ್ಟುಕೊಡಿ. ಪಡೆ ದಾನ ಕೇಳುವಾಗ ಯಾವ ಪಡೆ ಬೇಕೆಂದು ಹೇಳಿ. ಕೊಡುವವರು ಬೇರೇನೋ ತುಂಬಿದ ಮೇಲೆ ಗೊಣಗಬೇಡಿ.

4. ಸೋಲು, ಗೆಲುವು, ಕರೆಂಟು

‘ಜಿಜಿ’, ಅಂದರೆ ಗುಡ್ ಗೇಮ್, ಮೊದಲು ಸೋತವರು ಹೇಳುವುದು ಮರ್ಯಾದೆ. ಗೆಲ್ಲುತ್ತಿರುವವರು ಮೊದಲೇ ಬರೆದರೆ ಅದು ಚುಚ್ಚಿದಂತೆ. ತಂಡದ ಆಟವನ್ನು ಹೇಳದೆ ಕೇಳದೆ ಬಿಟ್ಟು ಹೋಗಬೇಡಿ. ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ಕಡೆ ಇದ್ದರೆ ಶುರುವಿನಲ್ಲೇ ಹೇಳಿಬಿಡಿ. ಹೋದರೆ ಮೊಬೈಲ್‌ನಿಂದ ಒಬ್ಬರಿಗಾದರೂ ಮೆಸೇಜ್ ಹಾಕಿ. ಸುಮ್ನೆ ಮಾಯವಾದರೆ ಓಡಿಹೋದರು ಎಂದೇ ಎಲ್ಲರೂ ತಿಳಿಯುತ್ತಾರೆ. ಒಂದು ಗಂಟೆ ಹಿಡಿಯುವ ಆಟವನ್ನು ಅಮ್ಮ ಊಟಕ್ಕೆ ಕರೆಯುವ ಹೊತ್ತಿಗೆ ಶುರು ಮಾಡುವುದೂ ಜೊತೆಯವರಿಗೆ ಅನ್ಯಾಯವೇ.

5. ಬೈಗುಳ, ಮೋಸ ಬಂದರೆ

ಉತ್ತರ ಕೊಡಬೇಡಿ. ಮ್ಯೂಟ್ ಮಾಡಿ, ರಿಪೋರ್ಟ್ ಮಾಡಿ, ಆಟ ಮುಂದುವರಿಸಿ. ಹೊರಗಿನವರಿಗೆ ಅರ್ಥವಾಗದು ಎಂದು ಕನ್ನಡದಲ್ಲಿ ಬೈಯುವ ಚಟವೂ ಬೇಡ. ಎದುರು ತಂಡದಲ್ಲಿ ಮದ್ದೂರಿನವರೇ ಇರಬಹುದು.

ಮಕ್ಕಳು ಫೋನ್ ನಂಬರ್, ಶಾಲೆ, ಮನೆ ವಿಳಾಸವನ್ನು ಚಾಟ್‌ನಲ್ಲಿ ಹಾಕಲೇಬಾರದು. ಪುಕ್ಕಟೆ ಜೆಮ್ಸ್ (ಆಟದೊಳಗಿನ ಹಣ) ಕೊಡ್ತೀನಿ ಎಂದು ಯಾರಾದರೂ ಪಾಸ್‌ವರ್ಡ್, ಓಟಿಪಿ ಕೇಳಿದರೆ ಸ್ಕ್ರೀನ್‌ಶಾಟ್ ತೆಗೆದು ಮನೆಯ ದೊಡ್ಡವರಿಗೆ ತೋರಿಸಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.