ಹರಿಹರದ ಹೊಳೆ ದಂಡೆ: ಊರಿನವರು ಉಸ್ತುವಾರಿಗೆ ಇಳಿಯುವುದು ಹೇಗೆ?

ಗಾಂಧಿ ಜಯಂತಿ ದಿನ ಗ್ಲೌಸ್ ಹಾಕಿಕೊಂಡು ಹೊಳೆ ದಂಡೆಯ ಕಸ ಆರಿಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಳ್ಳೆಯ ಕೆಲಸವೇ. ಆದರೆ ಯಾವ ಚರಂಡಿ ಎಲ್ಲಿ ಬಂದು ಬೀಳಬೇಕು, ದಂಡೆಗೆ ಕಾಂಕ್ರೀಟ್ ಹಾಕಬೇಕಾ ಬೇಡವಾ, ಯಾವ ಗಿಡ ಉಳಿಯಬೇಕು ಅನ್ನುವುದೆಲ್ಲ ತೀರ್ಮಾನ ಆಗುವುದು ಸಭೆಗಳಲ್ಲಿ, ಕಡತಗಳಲ್ಲಿ. ಅಲ್ಲಿ ನಾವು ಇರುವುದಿಲ್ಲ, ಅಲ್ವಾ? ಅಲ್ಲಿಗೆ ಹೋಗಿ ಕೂರುವುದು ಹೇಗೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹರಿಹರದ ತುಂಗಭದ್ರೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಹೊನ್ನಾಳಿಯವರಿಗೂ, ವೇದಾವತಿ ದಂಡೆಯ ಹಿರಿಯೂರಿನವರಿಗೂ ಹೆಚ್ಚುಕಡಿಮೆ ಇದೇ ದಾರಿ.

ಮೊದಲು, ಇಡೀ ಹೊಳೆಯನ್ನು ತಲೆ ಮೇಲೆ ಹೊತ್ತುಕೊಳ್ಳಬೇಡಿ. ನಡೆದು ಮುಗಿಸುವಷ್ಟು ಒಂದು ತುಂಡು ದಂಡೆ ಆರಿಸಿಕೊಳ್ಳಿ, ಅರ್ಧ ಕಿಲೋಮೀಟರ್ ಆದರೂ ಸಾಕು. ಐದಾರು ಜನ ಇದ್ದರೆ ಶುರು ಮಾಡಬಹುದು. ಆ ಐದಾರು ಜನರಲ್ಲಿ ದಿನಾ ಹೊಳೆಗೆ ಬರುವವರು ಇರಲೇಬೇಕು: ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಸಲು ಬರುವವರು. ನೀರು ಯಾವಾಗ ವಾಸನೆ ಬರುತ್ತದೆ, ರಾತ್ರಿ ಹೊತ್ತು ಮರಳಿಗೆ ಯಾರು ಬರುತ್ತಾರೆ, ಯಾವ ಮೀನು ಈಗ ಸಿಗುತ್ತಿಲ್ಲ ಅನ್ನುವುದು ಅವರಿಗೆ ಗೊತ್ತು. ಅವರನ್ನು ಬಿಟ್ಟು ಮಾಡಿದ ಯೋಜನೆ ಕೊನೆಗೆ ಅವರನ್ನೇ ದಂಡೆಯಿಂದ ಓಡಿಸುವ ಯೋಜನೆ ಆಗುತ್ತದೆ.

ಆಮೇಲೆ ಆ ಜಾಗ ಯಾರದ್ದು ಅಂತ ತಿಳಿದುಕೊಳ್ಳಿ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ದಂಡೆಯ ಮೇಲೆ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರಿನ ಪಹಣಿ ತೆಗೆಸಿ. ಹಿಡುವಳಿ ಜಮೀನಾ, ಸರ್ಕಾರಿ ಜಾಗವಾ, ಬಿ ಖರಾಬಾ ಅಂತ ನೋಡಿ. ಹಳ್ಳ, ದಾರಿ ಇಂಥ ಸಾರ್ವಜನಿಕ ಬಳಕೆಯ ಜಾಗಗಳು ಬಿ ಖರಾಬಿನಲ್ಲಿ ಬರುತ್ತವೆ. ಯಾರಾದರೂ ಒತ್ತುವರಿ ಮಾಡಿದ ಅನುಮಾನ ಇದ್ದರೆ ಜಗಳಕ್ಕೆ ಹೋಗಬೇಡಿ, ಅಳತೆ ಮಾಡಿಸಿ ಅಂತ ತಹಶೀಲ್ದಾರರಿಗೆ ಅರ್ಜಿ ಕೊಡಿ. ಇನ್ನೊಂದು ಮಾತು: ಹರಿಹರದ ಎದುರು ದಂಡೆ ಕುಮಾರಪಟ್ಟಣ, ಅದು ಹಾವೇರಿ ಜಿಲ್ಲೆ. ಒಂದು ಕಡೆ ದೂರು ಕೊಟ್ಟರೆ "ಅದು ಆ ಜಿಲ್ಲೆಯದ್ದು" ಅಂತ ಉತ್ತರ ಬರುವುದಕ್ಕೆ ಇಲ್ಲಿ ಬಹಳ ಅವಕಾಶ ಇದೆ. ಹಾಗಾಗಿ ನೀರಿನ ವಿಷಯದ ಪ್ರತಿ ಅರ್ಜಿಯನ್ನೂ ಎರಡೂ ಜಿಲ್ಲಾಧಿಕಾರಿಗಳಿಗೆ ಕಳಿಸಿ, ಎರಡಕ್ಕೂ ಸ್ವೀಕೃತಿ ಇಟ್ಟುಕೊಳ್ಳಿ.

ದಾಖಲೆ ಬರೆಯುವುದು ಬೇಸರದ ಕೆಲಸ ಅನ್ನಿಸುತ್ತದೆ, ಆದರೆ ಸಭೆಯಲ್ಲಿ ನಿಮ್ಮ ಮಾತಿಗೆ ತೂಕ ಬರುವುದು ಅದರಿಂದಲೇ. ಪ್ರತಿ ತಿಂಗಳು ಅದೇ ಜಾಗದಲ್ಲಿ ನಿಂತು ಅದೇ ದಿಕ್ಕಿಗೆ ಫೋಟೋ ತೆಗೆಯಿರಿ. ಚರಂಡಿ ನೀರಿನ ಬಣ್ಣ, ವಾಸನೆ, ತಾರೀಖು ಬರೆಯಿರಿ. ಸೂಳೆಕೆರೆ ಕಡೆಯಿಂದ ಬರುವ ಹರಿದ್ರಾ ಹಳ್ಳ ಹೊಳೆಗೆ ಸೇರುವುದೂ ಹರಿಹರದಲ್ಲೇ, ಅದನ್ನೂ ಸೇರಿಸಿಕೊಳ್ಳಿ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಕಂಡದ್ದನ್ನೆಲ್ಲ ಬರೆಯಿರಿ. ಮಕ್ಕಳು ಇದನ್ನು ತುಂಬಾ ಚೆನ್ನಾಗಿ ಮಾಡುತ್ತಾರೆ, ದೊಡ್ಡವರಿಗಿಂತ ಅವರ ಕಣ್ಣು ಚುರುಕು.

ಈಗ ಮುಖ್ಯ ವಿಷಯ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಗ್ರಾಮ ಪಂಚಾಯಿತಿಗೂ ಇದೆ, ನಗರಸಭೆಗೂ ಇದೆ. 2023ರ ತಿದ್ದುಪಡಿಯಲ್ಲಿ ಸದಸ್ಯರ ಸಂಖ್ಯೆ 7ರಿಂದ 11 ಅಂತ ಆಗಿದೆ. ಊರಿನ ಗಿಡ, ಮೀನು, ಹಕ್ಕಿ, ನಾಟಿ ಔಷಧಿ ಎಲ್ಲವನ್ನೂ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಮಾಡಿಸುವುದು ಈ ಸಮಿತಿಯ ಕೆಲಸ. ನಗರಸಭೆಗೆ ಹೋಗಿ ಮೂರೇ ಪ್ರಶ್ನೆ ಕೇಳಿ: ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು, ದಾಖಲಾತಿ ಎಲ್ಲಿದೆ? ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಉದ್ದುದ್ದ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ.

ಹಾಗೇ ಇನ್ನೊಂದು ಅರ್ಜಿ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಕೇಂದ್ರ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳನ್ನು ಪಟ್ಟಿ ಮಾಡಿತು. ಕರ್ನಾಟಕದ್ದು 17, ಅದರಲ್ಲಿ ಹರಿಹರದಿಂದ ಕೆಳಗಿನ ತುಂಗಭದ್ರೆಯೂ ಒಂದು. ಈ ಭಾಗಗಳಿಗೆಲ್ಲ ಕ್ರಿಯಾ ಯೋಜನೆ ಮಾಡಬೇಕು ಅಂತ ಅದೇ ವರ್ಷ ಹಸಿರು ನ್ಯಾಯಮಂಡಳಿ ಹೇಳಿತು. ಆ ಯೋಜನೆಯ ಪ್ರತಿ ಕೇಳಿ. ಕೈಗೆ ಬಂದ ಮೇಲೆ ಅದರಲ್ಲಿ ಬರೆದ ಒಂದೊಂದು ಕೆಲಸವನ್ನೂ ನಿಮ್ಮ ಫೋಟೋಗಳ ಜೊತೆ ಇಟ್ಟು ನೋಡಿ. ಸುಮ್ನೆ "ಹೊಳೆ ಉಳಿಸಿ" ಅಂತ ಮನವಿ ಕೊಡುವುದಕ್ಕಿಂತ "ಇಂಥ ಚರಂಡಿಯ ನೀರು ಶುದ್ಧ ಮಾಡಿ ಬಿಡುತ್ತೇವೆ ಅಂತ ನೀವೇ ಬರೆದಿದ್ದೀರಿ, ಇಂದಿಗೂ ಹಾಗೇ ಹರಿಯುತ್ತಿದೆ" ಅಂದರೆ ಅಧಿಕಾರಿಗೆ ಉತ್ತರ ಕೊಡದೆ ಗತಿಯಿಲ್ಲ.

ದಂಡೆಯ ಮೇಲಿನ ಕೆಲಸದ ಬಗ್ಗೆ ನನಗೆ ಸ್ವಲ್ಪ ಹಟವೇ ಇದೆ. ದಂಡೆಯನ್ನು ಪಾರ್ಕ್ ಮಾಡಲು ಹೊರಡಬೇಡಿ. ಹುಲ್ಲುಹಾಸು, ಟೈಲ್ಸ್, ಬಣ್ಣದ ದೀಪ ಹಾಕಿದರೆ ನೋಡಲು ಚೆಂದ, ಆದರೆ ಮಿಂಚುಳ್ಳಿ ಗೂಡು ಮಾಡುವುದು ಮಣ್ಣಿನ ದಂಡೆಯಲ್ಲಿ ಬಿಲ ತೋಡಿ, ಟಿಟ್ಟಿಭ ಮೊಟ್ಟೆ ಇಡುವುದು ಬರೀ ನೆಲದ ಮೇಲೆ, ಅದೂ ಬೇಸಿಗೆಯಲ್ಲಿ. ಹಾಗಾಗಿ ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಹಾಕುವುದು, ಜೆಸಿಬಿ ತರಿಸಿ ದಂಡೆ ಸವರುವುದು ಬೇಡವೇ ಬೇಡ. ಬಳ್ಳಾರಿ ಜಾಲಿ, ಕಾಂಗ್ರೆಸ್ ಹುಲ್ಲು ಕೀಳಬಹುದು. ಕಾಂಗ್ರೆಸ್ ಹುಲ್ಲನ್ನು ಹೂ ಬಿಡುವ ಮುಂಚೆ ಕೈಗವಸು ಹಾಕಿಯೇ ಕೀಳಿ, ಮೈ ತುರಿಸುತ್ತದೆ. ಜೊಂಡನ್ನು ಕಸ ಅಂದುಕೊಂಡು ಪೂರ್ತಿ ಕೊಯ್ಯಬೇಡಿ, ಹಕ್ಕಿಗಳಿಗೆ ಅದೇ ಮನೆ.

ಗಿಡ ನೆಡುವುದಾದರೆ ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ. ಮೊದಲ ಮಳೆ ಬಿದ್ದ ಮೇಲೆ, ಮೇಲಿನ ಏರಿನಲ್ಲಿ ನೆಡಿ. ಮಲೆನಾಡಿನಲ್ಲಿ ಮಳೆ ಜೋರಾದರೆ ಜುಲೈ, ಆಗಸ್ಟ್‌ನಲ್ಲಿ ಹೊಳೆ ತುಂಬಿ ಬರುತ್ತದೆ, ಕೆಳಗೆ ನೆಟ್ಟ ಸಸಿ ಉಳಿಯುವುದಿಲ್ಲ. ಕೆಳಗೆ ಲಕ್ಕಿ, ಹುಲ್ಲು ತಾನೇ ಬೆಳೆದಿದ್ದರೆ ಹಾಗೇ ಬಿಡಿ, ಮಣ್ಣು ಹಿಡಿದುಕೊಳ್ಳುವುದು ಅದೇ. ಸಸಿ ಅರಣ್ಯ ಇಲಾಖೆ ನರ್ಸರಿಯಲ್ಲಿ ಕೇಳಿ. ಎರಡು ಬೇಸಿಗೆ ನೀರು ಹಾಕುವವರು ಯಾರು ಅಂತ ಹೆಸರು ಬರೆದುಕೊಂಡ ಮೇಲೆ ಗುಂಡಿ ತೋಡಿ. ಹೊಳೆ ತುಂಬಿದ ದಿನಗಳಲ್ಲಿ ಯಾರೂ ನೀರಿಗೆ ಇಳಿಯಬಾರದು, ಮಕ್ಕಳನ್ನಂತೂ ದಂಡೆಗೇ ಕರೆದುಕೊಂಡು ಹೋಗಬೇಡಿ.

ಇದೇ ಹೊಳೆಯ ಕೆಳಗೆ, ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಆಯಿತು. ನಮ್ಮ ಊರಿನ ಕೊಳಚೆ ಹರಿದು ಹೋಗುವುದೂ ಆ ದಿಕ್ಕಿಗೇ. ಸಮಿತಿ ಸಭೆಯಲ್ಲಿ ಇದನ್ನು ಖಂಡಿತ ಎತ್ತಿ.

ಸಭೆಗೆ ಹೋಗುವಾಗ ಒಂದೇ ಬೇಡಿಕೆ ಇಟ್ಟುಕೊಂಡು ಹೋಗಿ, ಒಂದು ಪುಟ, ಎರಡು ಫೋಟೋ. ನಿಮ್ಮ ಗುಂಪಿನಿಂದ ಇಬ್ಬರನ್ನು ಸದಸ್ಯರನ್ನಾಗಿ ಮಾಡಿ ಅಂತ ಬರೆದು ಕೊಡಿ, ಅವರಲ್ಲಿ ಒಬ್ಬರು ಮೀನು ಹಿಡಿಯುವವರಾಗಿರಲಿ. ಸಭೆ ಮುಗಿದ ಮೇಲೆ ನಡಾವಳಿಯ ಪ್ರತಿ ಪಡೆಯಿರಿ. ನೀವು ಹೇಳಿದ್ದು ಅದರಲ್ಲಿ ಇಲ್ಲದಿದ್ದರೆ ಅದೇ ವಾರ ಪೌರಾಯುಕ್ತರಿಗೆ ಪತ್ರ ಬರೆದು ಸೇರಿಸಲು ಕೇಳಿ.