ಬಾಟಲಿ ಇಲ್ಲದೆ ಮಗಳ ಮದುವೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಅಂಗಳದಲ್ಲೇ ಈ ಬೇಸಿಗೆಯಲ್ಲಿ ಮಗಳ ಮದುವೆ ಮಾಡಿದೆವು. ಊಟಕ್ಕೆ ಮುನ್ನೂರು ಜನ. ಬಳಸಿ ಎಸೆಯುವ ಪ್ಲಾಸ್ಟಿಕ್ ಊಟದ ಪಂಕ್ತಿಗೆ ಬರಲಿಲ್ಲ. ಹೇಗೆ ನಿಭಾಯಿಸಿದಿರಿ ಅಂತ ಜನ ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಎಲೆ, ತಟ್ಟೆ ಕಷ್ಟವೇ ಅಲ್ಲ. ಊಟಕ್ಕೆ ಬಾಳೆ ಎಲೆ, ತಿಂಡಿಗೆ ಅಡಿಕೆ ಹಾಳೆ ತಟ್ಟೆ. ಮಳೆ ಹಿಡಿದರೆ ಹಾಳೆಗೆ ಬೂಷ್ಟು ಬರುತ್ತದೆ, ಅದನ್ನು ನೋಡಿಕೊಂಡರೆ ಸಾಕು.

ಕಷ್ಟ ಇರುವುದು ನೀರಿನಲ್ಲಿ. ಎಲೆಗೊಂದು ಪುಟ್ಟ ಬಾಟಲಿ ಇಡುವುದು ಈಗ ನಮ್ಮ ಹಳ್ಳಿಗಳಲ್ಲೂ ರೂಢಿ. ಎರಡು ಗುಟುಕು ಕುಡಿದು ಬಿಟ್ಟು ಏಳುತ್ತಾರೆ. ಸ್ಟೀಲ್ ಲೋಟ ಇಡೋಣ ಅಂದಾಗ ಅಡುಗೆ ಭಟ್ಟರು ಕೇಳಿದ್ದು ಒಂದೇ ಮಾತು: "ಲೋಟ ತೊಳೆಯೋರು ಯಾರು ಹೇಳಿ?"

ಸರಿಯಾದ ಪ್ರಶ್ನೆ. ಬಡಿಸುವವರ ತಲೆಗೇ ಅದನ್ನೂ ಕಟ್ಟಿದರೆ ಎರಡನೇ ಪಂಕ್ತಿಗೆ ಬಾಟಲಿ ಬಂದೇ ಬರುತ್ತದೆ. ತೊಳೆಯುವುದಕ್ಕೇ ಅಂತ ಇಬ್ಬರನ್ನು ಕೂಲಿ ಕೊಟ್ಟು ಗೊತ್ತು ಮಾಡಿದೆವು. ಶಾಮಿಯಾನದವರಿಂದ ಎರಡು ಪಂಕ್ತಿಗೆ ಆಗುವಷ್ಟು ಲೋಟ ಬಾಡಿಗೆಗೆ ತಂದೆವು. ಬಾವಿಕಟ್ಟೆ ಪಕ್ಕ ಮೂರು ದೊಡ್ಡ ಪಾತ್ರೆ. ಮೊದಲನೆಯದರಲ್ಲಿ ಬರೀ ನೀರು, ಎರಡನೆಯದರಲ್ಲಿ ಅಂಟುವಾಳದ ನೀರು, ಮೂರನೆಯದರಲ್ಲಿ ಬಚ್ಚಲ ಹಂಡೆಯ ಬಿಸಿನೀರು. ತೊಳೆದದ್ದನ್ನು ಬಿದಿರು ಬುಟ್ಟಿಯಲ್ಲಿ ಬೋರಲು ಹಾಕಿದರೆ ಮುಂದಿನ ಪಂಕ್ತಿಗೆ ತಯಾರು. ಕುಡಿಯಲು ಲಾವಂಚ ಹಾಕಿ ಕುದಿಸಿ ಆರಿಸಿದ ನೀರು. ಪೇಟೆಯಿಂದ ಬಂದವರೂ ಕೇಳಿ ಕೇಳಿ ಹಾಕಿಸಿಕೊಂಡರು.

ಕಾಫಿಗೆ ಪೇಪರ್ ಲೋಟ ಆದೀತು, ಕಾಗದ ಅಲ್ವಾ ಅಂತ ನಮ್ಮ ಬಾವ ಅಂದರು. ಒಂದನ್ನು ರಾತ್ರಿ ನೀರಲ್ಲಿ ನೆನೆಹಾಕಿದೆ. ಬೆಳಿಗ್ಗೆ ಕಾಗದ ಉಜ್ಜಿ ತೆಗೆದರೆ ಒಳಗಿನ ತೆಳ್ಳನೆ ಪ್ಲಾಸ್ಟಿಕ್ ಪದರ ಸಿಕ್ಕಿತು, ಅದನ್ನೇ ಬಾವನ ಕೈಗಿಟ್ಟೆ. ಇಂಥ ಲೋಟದಲ್ಲಿ 100 ಮಿಲಿ ಬಿಸಿ ಪಾನೀಯ 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣ ಅದಕ್ಕೆ ಸೇರುತ್ತವೆ ಅಂತ ಖರಗ್‌ಪುರ ಐಐಟಿಯವರು 2020ರಲ್ಲೇ ಹೇಳಿದ್ದಾರೆ.

ನಾನು ಇಷ್ಟು ಹಟ ಹಿಡಿದದ್ದು ಯಾಕೆ ಅಂದರೆ, ನಮ್ಮ ಕಡೆ ಸಮಾರಂಭ ಮುಗಿದ ಮೇಲೆ ಪ್ಲಾಸ್ಟಿಕ್ ಹೋಗುವುದು ಬಚ್ಚಲ ಒಲೆಗೆ, ಇಲ್ಲವೇ ತೋಟದಾಚೆಯ ಹಳ್ಳಕ್ಕೆ. ಒಲೆಗೆ ಹಾಕಿದರೆ ವಿಷದ ಹೊಗೆ ಮನೆಯವರಿಗೆ, ಬೂದಿ ಅಡಿಕೆ ಬುಡಕ್ಕೆ. ಹಳ್ಳಕ್ಕೆ ಹಾಕಿದ್ದು ಮಳೆಗಾಲದಲ್ಲಿ ತುಂಗೆಗೆ. ಗಾಜನೂರು ದಾಟಿ ಶಿವಮೊಗ್ಗಕ್ಕೆ ಹೋಗುವುದೂ ಅದೇ ನೀರು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ನಮ್ಮ ರಾಜ್ಯದಲ್ಲಿ 2016ರಿಂದ, ಇಡೀ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧ. ನೀರಿನ ಬಾಟಲಿ ಮಾತ್ರ ದೇಶದ ಆ ಪಟ್ಟಿಯಲ್ಲಿ ಇಲ್ಲ. ಅದನ್ನು ಮನೆಯವರೇ ಬೇಡ ಅನ್ನಬೇಕು.

ಊಟದ ಎಲೆ ಕೊಟ್ಟಿಗೆಗೆ ಹೋಯಿತು, ಹಾಳೆ ತಟ್ಟೆ ಗೊಬ್ಬರ ಗುಂಡಿಗೆ. ಹಾಲಿನ ಪ್ಯಾಕೆಟ್, ಸೀರೆಯ ಕವರ್ ಹೇಗೂ ಬಂದೇ ಬರುತ್ತವೆ. ಅವಕ್ಕೆ ಅಡುಗೆ ಚಪ್ಪರದ ಮೂಲೆಯಲ್ಲಿ ಒಂದು ಗೋಣಿಚೀಲ ಕಟ್ಟಿ, ಹಾಲಿನ ಪ್ಯಾಕೆಟ್ ತೊಳೆದು ಒಣಗಿಸಿ, ಪಂಚಾಯ್ತಿಯ ಕಸದ ಗಾಡಿಗೆ ಕೊಟ್ಟೆವು.