ಎಸ್‌ಡಿ ಕಾರ್ಡ್ ಡ್ರೈವರ್‌ನ ಟೈಮ್‌ಔಟ್‌ಗಳು: ನಾನು ಇಡುವ ಅಂಕಿಗಳು

ಎಸ್‌ಡಿ ಕಾರ್ಡ್ ನಡೆಸುವ ಕೋಡ್, ಅಂದರೆ ಡ್ರೈವರ್‌ಗೆ, ಇಡಿಯಾಗಿ ಒಂದೇ ಟೈಮ್‌ಔಟ್ (ಕಾಯುವ ಗರಿಷ್ಠ ಹೊತ್ತು) ಇಡಬೇಡಿ. ಕಮಾಂಡ್, ರೀಡ್, ರೈಟ್, ಎರೇಸ್ ಒಂದೊಂದಕ್ಕೂ ಕಾರ್ಡ್ ತೆಗೆದುಕೊಳ್ಳುವ ಹೊತ್ತು ಬೇರೆ.

ಕಮಾಂಡ್‌ಗೆ ಉತ್ತರ 64 ಕ್ಲಾಕ್ ಪಲ್ಸ್ ಒಳಗೆ ಬರಬೇಕು, ಎಸ್‌ಪಿಐಯಲ್ಲಿ (ಕಾರ್ಡ್ ಜೋಡಿಸುವ ಸರಳ ಸೀರಿಯಲ್ ಬಸ್) 8 ಬೈಟ್ ಒಳಗೆ. ಎಸ್‌ಪಿಐಯಲ್ಲಿ ನಾನು 10 ಬೈಟ್ ನೋಡಿ ಬಿಟ್ಟುಬಿಡುತ್ತೇನೆ. ಅಷ್ಟರಲ್ಲಿ ಬಾರದಿದ್ದರೆ ಕಾರ್ಡ್ ಇಲ್ಲ ಅಥವಾ ವೈರಿಂಗ್ ಸರಿಯಿಲ್ಲ. ಕಾರ್ಡ್ ಸಿದ್ಧವಾಯಿತೇ ಎಂದು ಶುರುವಿನಲ್ಲಿ ಮತ್ತೆ ಮತ್ತೆ ಕೇಳುವ ಎಸಿಎಮ್‌ಡಿ41 ಕಮಾಂಡ್‌ನ ಲೂಪ್‌ಗೆ ಸ್ಪೆಕ್ (ಎಸ್‌ಡಿ ಕಾರ್ಡ್‌ಗಳ ಅಧಿಕೃತ ನಿಯಮಾವಳಿ) 1 ಸೆಕೆಂಡ್ ಕೊಡುತ್ತದೆ, ನಾನು 2 ಇಡುತ್ತೇನೆ. ರೀಡ್‌ಗೆ ಮಿತಿ 100 ಮಿಲಿಸೆಕೆಂಡ್, ನನ್ನದು 300.

ಕಷ್ಟ ಇರುವುದು ರೈಟ್‌ನಲ್ಲಿ. ಸ್ಪೆಕ್ ಪ್ರಕಾರ ಎಸ್‌ಡಿಎಚ್‌ಸಿಗೆ (32 ಜಿಬಿವರೆಗಿನ ಕಾರ್ಡ್) 250, ಎಸ್‌ಡಿಎಕ್ಸ್‌ಸಿಗೆ (ಅದಕ್ಕಿಂತ ದೊಡ್ಡದು) 500 ಮಿಲಿಸೆಕೆಂಡ್. ಆದರೆ ಕಾರ್ಡ್ ತುಂಬುತ್ತಾ ಬಂದಾಗ ಒಳಗಿನ ಕಂಟ್ರೋಲರ್ ಹಳೆಯ ಡೇಟಾವನ್ನು ಬೇರೆಡೆ ಸಾಗಿಸಿ, ಬ್ಲಾಕ್ ಅಳಿಸಿ ಜಾಗ ಮಾಡಿಕೊಳ್ಳಬೇಕು. ಆಗ ಒಂದು 512 ಬೈಟ್ ರೈಟ್ ಕೂಡ ಮಿತಿ ದಾಟಬಹುದು. ಲಿನಕ್ಸ್ ಕರ್ನಲ್ ಎಸ್‌ಡಿ ರೈಟ್‌ಗೆ 3 ಸೆಕೆಂಡ್ ಕೊಡುತ್ತದೆ. ಮೊದಲಿದ್ದ 300 ಮಿಲಿಸೆಕೆಂಡ್ ಕೂಡ ಸಾಲದ ಕಾರ್ಡುಗಳಿವೆ ಎಂದು ಅದರ ಕೋಡ್‌ನಲ್ಲೇ ಬರೆದಿದೆ. ನಾನೂ 3 ಸೆಕೆಂಡ್ ಇಡುತ್ತೇನೆ. ಇದರಿಂದ ಒಳ್ಳೆಯ ಕಾರ್ಡ್ ನಿಧಾನವಾಗುವುದಿಲ್ಲ, ಕಾರ್ಡ್ ತೋರಿಸುವ ಬಿಜಿ ಸಂಕೇತ ಮುಗಿದ ಕೂಡಲೇ ಡ್ರೈವರ್ ಮುಂದೆ ಹೋಗುತ್ತದೆ. ಟೈಮ್‌ಔಟ್ ಚಿಕ್ಕದಾದರೆ ಮಾತ್ರ, ಇನ್ನೂ ಬರೆಯುತ್ತಿರುವ ಕಾರ್ಡನ್ನು ನಾವೇ ರೀಸೆಟ್ ಮಾಡಿ ಫೈಲ್ ಸಿಸ್ಟಮ್ ಕೆಡಿಸುತ್ತೇವೆ. ವಾಚ್‌ಡಾಗ್ (ಪ್ರೋಗ್ರಾಂ ಸಿಕ್ಕಿಕೊಂಡರೆ ಚಿಪ್ಪನ್ನು ರೀಸೆಟ್ ಮಾಡುವ ಟೈಮರ್) ಅವಧಿ 3 ಸೆಕೆಂಡ್‌ಗಿಂತ ಕಡಿಮೆಯಿದ್ದರೆ ಈ ಅಂಕಿಗೆ ಅರ್ಥವೇ ಇರುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಎರೇಸ್‌ಗೆ ಸ್ಥಿರ ಅಂಕಿ ಬೇಡ. ಎಸ್‌ಡಿ ಸ್ಟೇಟಸ್‌ನಲ್ಲಿ (ಕಾರ್ಡ್ ತನ್ನ ಬಗ್ಗೆ ತಾನೇ ಕೊಡುವ ಮಾಹಿತಿ) ಸಿಗುವ ಎರೇಸ್ ಟೈಮ್‌ಔಟನ್ನು ಎರೇಸ್ ಸೈಜ್‌ನಿಂದ ಭಾಗಿಸಿ, ಅಳಿಸಬೇಕಾದ ಎಯುಗಳ (ಕಾರ್ಡ್ ತನ್ನ ಜಾಗವನ್ನು ವಿಂಗಡಿಸುವ ದೊಡ್ಡ ಘಟಕಗಳು) ಸಂಖ್ಯೆಯಿಂದ ಗುಣಿಸಿ, ಅಲ್ಲೇ ಸಿಗುವ ಎರೇಸ್ ಆಫ್‌ಸೆಟ್ ಕೂಡಿಸಿ. 1 ಸೆಕೆಂಡ್‌ಗಿಂತ ಕಡಿಮೆ ಬಂದರೆ 1 ಸೆಕೆಂಡ್ ಇಡಿ.

ಅಂಕಿ ಸರಿಯಿದ್ದೂ ಕೆಡುವ ಜಾಗ ಎರಡು. ಎಸ್‌ಟಿಎಮ್32 ಮೈಕ್ರೋಕಂಟ್ರೋಲರ್‌ನಲ್ಲಿ ಎಸ್‌ಡಿ ಕಾರ್ಡ್‌ಗಾಗಿ ಇರುವ ಎಸ್‌ಡಿಐಒ ಭಾಗದಲ್ಲಿ, ಡೇಟಾ ಟೈಮ್‌ಔಟ್ ಇಡುವ ಡಿಟೈಮರ್ ರಿಜಿಸ್ಟರ್ ಎಣಿಸುವುದು ಕಾರ್ಡ್ ಕ್ಲಾಕನ್ನು. 2,40,00,000 ಎಂದು ಬರೆದರೆ 24 ಮೆಗಾಹರ್ಟ್ಸ್‌ನಲ್ಲಿ 1 ಸೆಕೆಂಡ್, 400 ಕಿಲೋಹರ್ಟ್ಸ್‌ನಲ್ಲಿ 60 ಸೆಕೆಂಡ್, 48 ಮೆಗಾಹರ್ಟ್ಸ್‌ಗೆ ಏರಿಸಿದರೆ ಅರ್ಧ ಸೆಕೆಂಡ್. ಹಾಗಾಗಿ ಕ್ಲಾಕ್ ಬದಲಿಸುವ ಫಂಕ್ಷನ್‌ನಲ್ಲೇ ಇದನ್ನೂ ಮತ್ತೆ ಲೆಕ್ಕ ಹಾಕಿ ಬರೆಯುತ್ತೇನೆ. ಇನ್ನೊಂದು ಜಾಗ ಪೋಲಿಂಗ್ ಲೂಪ್, ಅಂದರೆ ಕಾರ್ಡ್ ಮುಗಿಸಿತೇ ಎಂದು ಮತ್ತೆ ಮತ್ತೆ ನೋಡುವ ಲೂಪ್. ಮೊದಲು ಸಮಯ ಓದಿಟ್ಟುಕೊಂಡು, ಆಮೇಲೆ ಕಾರ್ಡ್ ಬಿಜಿಯೇ ಎಂದು ನೋಡಿ, ಕೊನೆಗೆ ಗಡುವಿಗೆ ಹೋಲಿಸಬೇಕು. ಕ್ರಮ ತಿರುಗಿಸಿದರೆ, ಬಿಜಿ ನೋಡಿದ ಮೇಲೆ ಟಾಸ್ಕ್ ಸ್ವಿಚ್ ಆಗಿ ಗಡುವು ಕಳೆಯಬಹುದು. ಕಾರ್ಡ್ ಆಗಲೇ ಕೆಲಸ ಮುಗಿಸಿದ್ದರೂ ಡ್ರೈವರ್ ಸುಳ್ಳು ಎರರ್ ಕೊಡುತ್ತದೆ. ಲೂಪ್ ಎಷ್ಟು ಸಲ ಸುತ್ತಿತು ಎಂದು ಎಣಿಸುವುದಂತೂ ಬೇಡವೇ ಬೇಡ, ಕಂಪೈಲರ್ ಆಪ್ಟಿಮೈಸೇಶನ್ ಬದಲಾದರೆ ಸಮಯವೂ ಬದಲಾಗುತ್ತದೆ.

ರೈಟ್‌ನಲ್ಲಿ ಗಡುವು ಮೀರಿದರೆ ಪವರ್ ತೆಗೆಯಬೇಡಿ. ಎಸ್‌ಡಿ ಬಸ್ ಮೋಡ್‌ನಲ್ಲಿ (ಎಸ್‌ಪಿಐ ಅಲ್ಲದ, ಕಾರ್ಡಿನ ಸ್ವಂತ ಬಸ್) ಕಾರ್ಡಿನ ಸ್ಥಿತಿ ಕೇಳುವ ಸಿಎಮ್‌ಡಿ13 ಕಮಾಂಡ್ ಕಳಿಸಿ. ಸ್ಟೇಟ್ 7 ಬಂದರೆ ಕಾರ್ಡ್ ಇನ್ನೂ ಬರೆಯುತ್ತಿದೆ, ಇನ್ನೊಂದು 3 ಸೆಕೆಂಡ್ ಕೊಡಿ. ಹಲವು ಬ್ಲಾಕ್‌ಗಳ ರೈಟ್ ಆಗಿದ್ದರೆ ಸಿಎಮ್‌ಡಿ12ರಿಂದ ನಿಲ್ಲಿಸಿ, ಮತ್ತೆ ಇನಿಷಿಯಲೈಸ್ ಮಾಡುವ ಮೊದಲೇ ಎಸಿಎಮ್‌ಡಿ22ರಿಂದ ಎಷ್ಟು ಬ್ಲಾಕ್ ಸರಿಯಾಗಿ ಹೋಗಿವೆ ಎಂದು ಕೇಳಿ, ಅಲ್ಲಿಂದ ಮುಂದುವರಿಸಿ.